ಇಳಕಲ್ಲಿನ ಗ್ರಾನೈಟ್ ಹೊರುವ ಪಿಕಪ್: ಹಿಂಬದಿಯ ಪಾಟಾ ಬಲಪಡಿಸಿದ ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸುವ ಹಲವರು ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ, ಬಾಗಿಲ ಚೌಕಟ್ಟಿಗೆ ಬೇಕಾದ ಗ್ರಾನೈಟನ್ನು ಇಳಕಲ್ಲಿನಿಂದ ತರಿಸಿಕೊಳ್ಳುತ್ತಾರೆ. ಒಂದು ಮನೆಗೆ ಬೇಕಾಗುವಷ್ಟು ಕಲ್ಲಿಗೆ ಲಾರಿ ದೊಡ್ಡದಾಗುತ್ತದೆ, ಮೂರು ಗಾಲಿಯ ಗಾಡಿ ಸಾಲುವುದಿಲ್ಲ. ಹೀಗಾಗಿ ಹುನಗುಂದ, ಅಮೀನಗಡ ದಾಟಿ ಬರುವ ಸುಮಾರು ಅರವತ್ತು ಕಿಲೋಮೀಟರಿನ ಈ ಹಾದಿಯಲ್ಲಿ ಕಲ್ಲು ಸಾಗಿಸುವ ಕೆಲಸ ಪಿಕಪ್ ಗಾಡಿಗಳ ಪಾಲಿಗೆ ಬಂದಿದೆ. ಇಲ್ಲಿ ವಿವರಿಸುವುದು ಅಂಥ ಒಂದು ಗಾಡಿಯ ಹಿಂಬದಿಯ ಸಸ್ಪೆನ್ಷನ್ನನ್ನು, ಅಂದರೆ ಗಾಡಿಯ ಭಾರ ಹೊತ್ತು ರಸ್ತೆಯ ಹೊಡೆತ ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳ (ಪಾಟಾ, ಲೀಫ್ ಸ್ಪ್ರಿಂಗ್) ಕಟ್ಟನ್ನು, ಬಲಪಡಿಸಿದ ಪ್ರಕರಣವನ್ನು. ಅಳತೆ ಮತ್ತು ಲೆಕ್ಕದ ಕೆಲಸದಲ್ಲಿ ನಾನು ಗಾಡಿಯ ಮಾಲೀಕರ ಜೊತೆಗಿದ್ದೆ. ಮುಂದೆ ಬರುವ ತೂಕ ಮತ್ತು ಅಂತರಗಳು ಈ ಒಂದು ಗಾಡಿಗೆ ಮಾತ್ರ ಸೇರಿದವು. ಬೇರೆ ಗಾಡಿಗೆ ಲೆಕ್ಕ ಮಾಡುವ ಕ್ರಮ ಅನ್ವಯಿಸುತ್ತದೆಯೇ ಹೊರತು ಅಂಕಿಗಳಲ್ಲ.

ಗಾಡಿ ಐದು ವರ್ಷ ಹಳೆಯದು. ನೋಂದಣಿ ಪತ್ರದ ಪ್ರಕಾರ ಖಾಲಿ ತೂಕ 1,790 ಕೆ.ಜಿ., ಹೊರೆ ಸಹಿತ ಒಟ್ಟು ತೂಕ 3,490 ಕೆ.ಜಿ. ಹಿಂದಿನ ಆಕ್ಸಲ್ (ಗಾಲಿಗಳನ್ನು ಹೊತ್ತ ಅಡ್ಡದಂಡ) ಹೊರಬಹುದಾದ ತೂಕ 2,430 ಕೆ.ಜಿ. ಎರಡು ಆಕ್ಸಲ್‌ಗಳ ನಡುವಿನ ಅಂತರ 3,260 ಮಿ.ಮೀ. ಹಿಂಬದಿಯಲ್ಲಿ ಪ್ರತಿ ಬದಿಗೆ ಐದು ಮುಖ್ಯ ಪಾಟಾಗಳ ಕಟ್ಟು, ಅದರ ಮೇಲೆ ಎರಡು ಪಾಟಾಗಳ ಹೆಲ್ಪರ್. ಖಾಲಿ ಇದ್ದಾಗ ಹೆಲ್ಪರ್ ಚಾಸಿಗೆ (ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ) ತಾಗುವುದಿಲ್ಲ. ಹೊರೆ ಏರಿ ಚಾಸಿ ಕೆಳಗಿಳಿದಾಗ ಅದರ ತುದಿಗಳು ಬ್ರಾಕೆಟ್ಟಿಗೆ ಒತ್ತಿ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತವೆ.

ಮಾಲೀಕರ ದೂರು ಎರಡು ಬಗೆಯದಾಗಿತ್ತು. ಕಲ್ಲು ಹೇರಿದ ಮೇಲೆ ಗಾಡಿಯ ಹಿಂಭಾಗ ಕುಳಿತು ಮೂತಿ ಮೇಲೇಳುತ್ತಿತ್ತು, ಸ್ಟಿಯರಿಂಗ್ ಕೈಗೆ ಹಗುರಾಗಿ ತೇಲಿದಂತಾಗುತ್ತಿತ್ತು, ರಾತ್ರಿ ಎದುರಿನವರು ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತದೆಂದು ಲೈಟ್ ಮಿನುಗಿಸುತ್ತಿದ್ದರು. ಎರಡನೆಯದು ನೇರವಾಗಿ ಹಣದ ಮಾತು: ಊರೊಳಗಿನ ರೋಡ್ ಹಂಪ್ ಎಷ್ಟೇ ನಿಧಾನವಾಗಿ ದಾಟಿದರೂ ಹಿಂದಿನಿಂದ ದಢಾರನೆ ಒಂದು ಏಟು ಬೀಳುತ್ತಿತ್ತು ಮತ್ತು ಇಳಿಸುವಾಗ ನೋಡಿದರೆ ಒಂದೋ ಎರಡೋ ಸ್ಲ್ಯಾಬಿನ ಮೂಲೆ ಹಾರಿರುತ್ತಿತ್ತು. ಮೂಲೆ ಮುರಿದ ಕಲ್ಲನ್ನು ಗಿರಾಕಿ ಒಪ್ಪುವುದಿಲ್ಲ. ನಷ್ಟ ಬಾಡಿಗೆಯಲ್ಲಿ ಮುರಿಯುತ್ತಿತ್ತು. ಆದ್ದರಿಂದ ಮಾಲೀಕರು ಪಾಟಾ ಮಿಸ್ತ್ರಿಯ ಬಳಿ ಹೋಗಿ, ಪ್ರತಿ ಬದಿಗೆ ಎರಡೆರಡು ದಪ್ಪ ಪಾಟಾ ಹೆಚ್ಚಿಗೆ ಹಾಕಿಕೊಡಲು ಕೇಳಿದರು. ನಮ್ಮ ಭಾಗದಲ್ಲಿ ಹಿಂಭಾಗ ಕುಳಿತ ಗಾಡಿಗೆ ಮೊದಲು ಹೊಳೆಯುವ ಉಪಾಯವೇ ಇದು.

ಮಿಸ್ತ್ರಿ ವಯಸ್ಸಿನಲ್ಲಿ ಹಿರಿಯರು. ಅವರು ಕೊಟ್ಟ ಉತ್ತರ ಇಡೀ ಪ್ರಕರಣದ ದಿಕ್ಕನ್ನು ನಿರ್ಧರಿಸಿತು: "ಪಾಟಾ ಕಟ್ಟಿ ಕೊಡ್ತೀನೊ ತಮ್ಮಾ, ಅದೇನ್ ದೊಡ್ಡ ಮಾತಲ್ಲ. ಆದ್ರ ನಿನ್ನ ಗಾಡಿ ಎಷ್ಟು ಹೊರತೈತಿ ಅಂತ ಮೊದಲ ಕಾಟಾ ಮಾಡ್ಸಿಕೊಂಡು ಬಾ. ತೂಕಾನ ಗೊತ್ತಿಲ್ಲಂದ್ರ ನಾ ಎಷ್ಟು ಪಾಟಾ ಅಂತ ಹಾಕ್ಲಿ?" ಕಾಟಾ ಎಂದರೆ ಗಾಡಿಯನ್ನೇ ಮೇಲೆ ನಿಲ್ಲಿಸಿ ತೂಗುವ ತೂಕದ ಸೇತುವೆ.

ಕಾಟಾದ ಮೇಲೆ ಕಂಡದ್ದು

ಮಾಲೀಕರು ಅಲ್ಲಿಯವರೆಗೆ ಹೊರೆಯನ್ನು ಚದರಡಿಯಲ್ಲಿ ಎಣಿಸುತ್ತಿದ್ದರೇ ಹೊರತು ಕಿಲೋದಲ್ಲಿ ಅಲ್ಲ. 20 ಮಿ.ಮೀ. ದಪ್ಪದ ಸ್ಲ್ಯಾಬು 350 ಚದರಡಿ ಹಿಡಿಸಿದರೆ ಒಂದು ಖೇಪು ಎಂಬುದು ಅವರ ಲೆಕ್ಕ. ಗ್ರಾನೈಟಿನ ಸಾಂದ್ರತೆಯನ್ನು ಘನ ಮೀಟರಿಗೆ ಸುಮಾರು 2,700 ಕೆ.ಜಿ. ಎಂದು ಹಿಡಿದರೆ, 20 ಮಿ.ಮೀ. ದಪ್ಪದ ಒಂದು ಚದರಡಿ ಕಲ್ಲು ಸರಿಸುಮಾರು 5 ಕೆ.ಜಿ. ತೂಗುತ್ತದೆ, 350 ಚದರಡಿಗೆ 1,750 ಕೆ.ಜಿ. ದಾಟುತ್ತದೆ. ಪೇಲೋಡ್ (ಹೇರಬಹುದಾದ ಹೊರೆ) 1,700 ಎಂದು ಕಂಪನಿಯೇ ಹೇಳಿರುವಾಗ ಐವತ್ತು ಕಿಲೋ ಹೆಚ್ಚಾದರೆ ಏನಾಯಿತು ಎಂಬುದು ಅವರ ವಾದವಾಗಿತ್ತು. ಆದರೆ ಆ 1,700 ಕಿಲೋದಲ್ಲಿ ಕಲ್ಲನ್ನು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು, ಹಲಗೆ, ಹಗ್ಗ, ತಾಡಪತ್ರಿ, ಚಾಲಕ, ಇಬ್ಬರು ಹಮಾಲರು ಎಲ್ಲರೂ ಸೇರಬೇಕು. ಸ್ಟ್ಯಾಂಡು ಮತ್ತು ಸಾಮಾನು ಸಹಿತ ಖಾಲಿ ಗಾಡಿ ಕಾಟಾದ ಮೇಲೆ 1,930 ಕೆ.ಜಿ. ತೂಗಿತು. ಮೂವರಿಗೆ 200 ಕೆ.ಜಿ. ಸೇರಿಸಿದರೆ 2,130. ಅಂದರೆ ಕಲ್ಲಿಗೆಂದು ಉಳಿಯುವುದು 1,360 ಕೆ.ಜಿ., ಚದರಡಿಯಲ್ಲಿ ಹೇಳುವುದಾದರೆ ಸುಮಾರು 270.

ಎಂದಿನ ಖೇಪನ್ನು ಹೇರಿಕೊಂಡು ತೂಗಿದಾಗ ಒಟ್ಟು 3,885 ಕೆ.ಜಿ. ಬಂತು. ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಹಿಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ತೂಗಿದರೆ ಹಿಂದಿನ ಆಕ್ಸಲ್ಲಿನ ತೂಕ ಸಿಗುತ್ತದೆ. ಕೇಳಿಕೊಂಡರೆ ಕಾಟಾದವರು ಇದನ್ನು ಮಾಡಿಕೊಡುತ್ತಾರೆ. ಅದು 2,885 ಕೆ.ಜಿ. ತೋರಿಸಿತು. ಒಟ್ಟು ತೂಕ ಮಿತಿಗಿಂತ 395 ಕಿಲೋ ಹೆಚ್ಚಾಗಿದ್ದರೆ, ಹಿಂದಿನ ಆಕ್ಸಲ್ ಒಂದರ ಮೇಲೆಯೇ 455 ಕಿಲೋ ಹೆಚ್ಚಾಗಿತ್ತು. ಮುಂದಿನ ಆಕ್ಸಲ್ ಮಾತ್ರ ಖಾಲಿ ಇದ್ದಾಗಿನದಕ್ಕಿಂತಲೂ ಸುಮಾರು ನೂರು ಕಿಲೋ ಹಗುರವಾಗಿತ್ತು. ಸ್ಟಿಯರಿಂಗ್ ತೇಲುತ್ತಿದ್ದ ಕಾರಣ ಇಲ್ಲಿ ಸಿಕ್ಕಿತು.

ಹೀಗಾಗಲು ಕಾರಣ ಸ್ಟ್ಯಾಂಡಿನ ಜಾಗ. ಇಳಿಸಲು ಅನುಕೂಲವೆಂದು ಅದನ್ನು ಹಿಂಬಾಗಿಲಿಗೆ ಹತ್ತಿರ ಕೂಡಿಸಿದ್ದರು. ಹೊರೆಯ ಮಧ್ಯಬಿಂದು ಹಿಂದಿನ ಆಕ್ಸಲ್ಲಿಗಿಂತ 200 ಮಿ.ಮೀ. ಹಿಂದಕ್ಕೆ ಬೀಳುತ್ತಿತ್ತು. ಆಕ್ಸಲ್ಲಿನ ಹಿಂದೆ ಬಿದ್ದ ಭಾರ ಮುಂದಿನ ಗಾಲಿಗಳನ್ನು ಎತ್ತುತ್ತದೆ, ಎತ್ತಿದಷ್ಟನ್ನೂ ತನ್ನ ಪೂರ್ಣ ತೂಕಕ್ಕೆ ಸೇರಿಸಿ ಹಿಂದಿನ ಆಕ್ಸಲ್ ಮೇಲೆ ಹಾಕುತ್ತದೆ. 1,755 ಕೆ.ಜಿ. ಕಲ್ಲು ಹಿಂದಿನ ಆಕ್ಸಲ್ಲಿಗೆ 1,860 ಕೆ.ಜಿ. ಆಗಿ ತಾಗುತ್ತಿದ್ದುದು ಇದೇ ಕಾರಣಕ್ಕೆ. ಅದೇ ಸ್ಟ್ಯಾಂಡನ್ನು ಕ್ಯಾಬಿನ್ನಿನ ಕಡೆಗೆ 450 ಮಿ.ಮೀ. ಸರಿಸಿದರೆ, ಹೊರೆಯ ಮಧ್ಯಬಿಂದು ಆಕ್ಸಲ್ಲಿಗಿಂತ 250 ಮಿ.ಮೀ. ಮುಂದೆ ಬಂದು, ಕಲ್ಲಿನ ತೂಕದಲ್ಲಿ ನೂರಕ್ಕೆ 92 ಪಾಲು ಮಾತ್ರ ಹಿಂದಕ್ಕೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ಒಂದು ಪೈಸೆಯ ಹೊಸ ಸಾಮಾನು ಹಾಕದೆ ಆಗುವ ಕೆಲಸವಿದು, ಮತ್ತು ಇಂಥ ಗಾಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವ ಕೆಲಸವೂ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಟಾ ಏರಿಸಿದರೆ ಗಾಡಿಯ ತಾಕತ್ತು ಏರುತ್ತದೆ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದು ಟೈರಿನ ಮೇಲಿನ ಅಂಕಿಯಿಂದಲೂ ತಿಳಿಯಿತು. ಹಿಂದಿನ ಟೈರುಗಳ ಲೋಡ್ ಇಂಡೆಕ್ಸ್ 116. ಈ ಅಂಕಿಗೆ ನಿಗದಿಯಾದ ಹೊರೆ ಒಂದು ಟೈರಿಗೆ 1,250 ಕೆ.ಜಿ., ಅದೂ ಹೇಳಿದಷ್ಟು ಗಾಳಿ ಇದ್ದಾಗ. ಎರಡು ಟೈರು ಸೇರಿ 2,500. ಅವುಗಳ ಮೇಲೆ 2,885 ಕೆ.ಜಿ. ಓಡಾಡುತ್ತಿತ್ತು. ಹತ್ತು ಪಾಟಾ ಹಾಕಿದರೂ ಟೈರು, ಬೇರಿಂಗ್, ಹೌಸಿಂಗ್ (ಆಕ್ಸಲ್ಲನ್ನು ಒಳಗಿಟ್ಟುಕೊಂಡ ಕವಚ), ಬ್ರೇಕ್ ಇವು ಯಾವುವೂ ಬದಲಾಗುವುದಿಲ್ಲ. ಕುಳಿತ ಹಿಂಭಾಗ ನೆಟ್ಟಗೆ ನಿಂತು ಗಾಡಿ ಹಗುರವಾಗಿ ಕಾಣಿಸುತ್ತದೆ, ಅಷ್ಟೇ. ಚಾಲಕನಿಗೆ ಸಿಗುತ್ತಿದ್ದ ಎಚ್ಚರಿಕೆಯೂ ಮರೆಯಾಗುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 113ನೇ ಕಲಂ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಿ ಗಾಡಿ ಓಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ, ಮೇಲಾಗಿ ಹೆಚ್ಚಾದ ಹೊರೆಯನ್ನು ಇಳಿಸುವ ಖರ್ಚು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ 52ನೇ ಕಲಂ ಅಡ್ಡಿಯಾಗಿದೆ. ಆದ್ದರಿಂದ ನಾವು ಕೈಗೆತ್ತಿಕೊಂಡ ಗುರಿ 3,490 ಕಿಲೋದೊಳಗೆ ಗಾಡಿ ಗಟ್ಟಿಯಾಗಿ, ಏಟು ತಿನ್ನದೆ ಹೋಗುವಂತೆ ಮಾಡುವುದಾಗಿತ್ತು. 80 ಚದರಡಿ ಕಡಿಮೆ ಹೇರಬೇಕೆಂಬುದನ್ನು ಮಾಲೀಕರು ಸುಲಭವಾಗಿ ಒಪ್ಪಲಿಲ್ಲ. ಖೇಪಿನ ಲೆಕ್ಕದ ಬಾಡಿಗೆಯನ್ನು ಚದರಡಿಯ ಲೆಕ್ಕಕ್ಕೆ ಬದಲಿಸಿ, ಮುರಿದ ಕಲ್ಲಿನ ನಷ್ಟವನ್ನೂ ಟೈರಿನ ಸವೆತವನ್ನೂ ಎದುರಿಗಿಟ್ಟು ನೋಡಿದ ಮೇಲೆ ಒಪ್ಪಿದರು.

ಬಿಚ್ಚಿದಾಗ ಸಿಕ್ಕ ಕಾರಣಗಳು

ಹೊರೆ ಇಳಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹೌಸಿಂಗಿನ ಮೇಲಿರುವ ರಬ್ಬರ್ ಸ್ಟಾಪರಿಗೂ ಚಾಸಿಗೂ ನಡುವಿನ ಅಂತರವನ್ನು ಅಳೆದೆವು. ಬಲಗಡೆ 88 ಮಿ.ಮೀ., ಎಡಗಡೆ 80. ಹೊರೆ ಹೇರಿದಾಗ ಎರಡೂ ಕಡೆ ಸೊನ್ನೆ. ಸ್ಟಾಪರ್ ತಾಗುವ ಜಾಗದಲ್ಲಿ ಚಾಸಿಯ ಬಣ್ಣ ಹಾರಿ ಲೋಹ ಮಿರುಗುತ್ತಿತ್ತು. ರೋಡ್ ಹಂಪಿನಲ್ಲಿ ಬೀಳುತ್ತಿದ್ದ ಏಟು ಇದೇ. ಬಾಗಲು ಜಾಗವೇ ಉಳಿಯದಿದ್ದಾಗ ಪಾಟಾ ಕೆಲಸ ಮಾಡುವುದಿಲ್ಲ. ರಸ್ತೆಯ ಹೊಡೆತ ಹೌಸಿಂಗಿನಿಂದ ನೇರವಾಗಿ ಚಾಸಿಗೆ, ಚಾಸಿಯಿಂದ ಕಲ್ಲಿಗೆ ಹೋಗುತ್ತದೆ.

ಎಡಗಡೆಯ ಕಟ್ಟನ್ನು ಇಳಿಸಿ ಕ್ಲಿಪ್ಪು ಬಿಚ್ಚಿದಾಗ ಮೂರನೆಯ ಪಾಟಾ ಎರಡು ತುಂಡಾಗಿ ಕೈಗೆ ಬಂತು. ಹೊರಗಿನಿಂದ ಅದು ಕಾಣುತ್ತಿರಲಿಲ್ಲ. ಪಾಟಾಗಳನ್ನು ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದಿತ್ತು. ಮುರಿದ ಮುಖದಲ್ಲಿ ತೂತಿನ ಸುತ್ತಲಿನ ಅರ್ಧ ಭಾಗ ಕಂದು ತುಕ್ಕು ಹಿಡಿದು ನಯವಾಗಿದ್ದರೆ, ಉಳಿದರ್ಧ ಬೂದುಬಣ್ಣದ ಹರಳುಹರಳಾಗಿತ್ತು. ಬಿರುಕು ಬಹಳ ಹಿಂದೆಯೇ ಹುಟ್ಟಿ, ನಿಧಾನವಾಗಿ ಹರಡಿ, ಕೊನೆಗೆ ಒಂದು ದಿನ ಪೂರ್ತಿ ಹೋಗಿದೆ ಎಂಬುದಕ್ಕೆ ಇದೇ ಸಾಕ್ಷಿ. ತೂತಿನಲ್ಲಿ ಮುರಿಯುವ ಪಾಟಾ ಬಹುಮಟ್ಟಿಗೆ ಸಡಿಲವಾದ ಯು ಬೋಲ್ಟನ್ನು, ಅಂದರೆ ಕಟ್ಟನ್ನು ಹೌಸಿಂಗಿಗೆ ಬಿಗಿದಿಡುವ U ಆಕಾರದ ಬೋಲ್ಟನ್ನು, ತೋರಿಸುತ್ತದೆ. ಯು ಬೋಲ್ಟು ಬಿಗಿಯಾಗಿದ್ದಾಗ ಕಟ್ಟಿನ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದರೆ ತೂತಿರುವ, ಅಂದರೆ ಎಲ್ಲಕ್ಕಿಂತ ದುರ್ಬಲವಾದ ಜಾಗವೂ ಬಾಗತೊಡಗುತ್ತದೆ. ಈ ಗಾಡಿಯ ಯು ಬೋಲ್ಟುಗಳ ದಾರ ಎಳೆದು ಸಣ್ಣಗಾಗಿತ್ತು, ಸೆಂಟರ್ ಬೋಲ್ಟ್ ಸ್ವಲ್ಪ ಬಾಗಿತ್ತು. ಅದು ತುಂಡಾಗಿದ್ದರೆ ಹೌಸಿಂಗ್ ತನ್ನ ಜಾಗದಿಂದ ಜಾರಿ ಗಾಡಿ ಅಡ್ಡಾಗಿ ಓಡುತ್ತಿತ್ತು. ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ರಬ್ಬರ್ ಬುಶ್‌ಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು, ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿ ಒಣಗಿತ್ತು.

ಎಡಗಡೆಯೇ ಹೆಚ್ಚು ಕೆಟ್ಟದ್ದೇಕೆ? ರಸ್ತೆ ಎಡಕ್ಕೆ ವಾಲಿರುವುದು ಒಂದು ಕಾರಣ. ಇನ್ನೊಂದು, ಹಮಾಲರು ಯಾವಾಗಲೂ ಮೊದಲು ಬಲಗಡೆಯ ಸ್ಲ್ಯಾಬುಗಳನ್ನು ಪೂರ್ತಿ ಇಳಿಸಿ, ಎಡಗಡೆಯವನ್ನು ಹಾಗೆಯೇ ಇಟ್ಟುಕೊಂಡು ಎರಡನೆಯ ಮನೆಗೆ ಹೋಗುತ್ತಿದ್ದರು.

ಆಯ್ಕೆಗಳು ಮತ್ತು ತೀರ್ಮಾನ

ಹಳೆಯ ಪಾಟಾವನ್ನೇ ಬಡಿದು ಬಾಗು ಏರಿಸುವುದು ಅಗ್ಗದ ದಾರಿ. ಪಾಟಾ ಸಾಮಾನ್ಯ ಕಬ್ಬಿಣವಲ್ಲ. ಸಿಲಿಕಾನ್ ಅಥವಾ ಕ್ರೋಮ್–ವೆನೇಡಿಯಮ್ ಬೆರೆತ ಸ್ಪ್ರಿಂಗ್ ಉಕ್ಕಿಗೆ ಹದ ಹಾಕಿ ಮಾಡಿದ್ದು. ಕುಲುಮೆಯಲ್ಲಿ ಅಂದಾಜಿನಿಂದ ಕಾಯಿಸಿದರೆ ಆ ಹದ ಹೋಗುತ್ತದೆ; ತಣ್ಣಗೆ ಬಡಿದರೆ ಸುತ್ತಿಗೆಯ ಪ್ರತಿ ಗುರುತೂ ಮುಂದಿನ ಬಿರುಕಿಗೆ ಬೀಜವಾಗುತ್ತದೆ. ಐದು ವರ್ಷ ಅತಿಭಾರ ಹೊತ್ತ ಈ ಕಟ್ಟಿಗೆ ಅದು ತಕ್ಕ ಮದ್ದಲ್ಲ ಎಂದು ಮಿಸ್ತ್ರಿಯವರೇ ಬೇಡವೆಂದರು.

ಮಾಲೀಕರು ಮೊದಲು ಕೇಳಿದ್ದ ದಪ್ಪ ಪಾಟಾದ ವಿಷಯ ಸ್ವಲ್ಪ ವಿವರವಾಗಿ ನೋಡುವಂಥದ್ದು. ಪಾಟಾದ ಬಿಗುವು, ಅಂದರೆ ಬಾಗದೆ ಎದುರು ನಿಲ್ಲುವ ಶಕ್ತಿ, ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಐದು ಪಾಟಾಗಳ ಕಟ್ಟಿಗೆ ಅದೇ ದಪ್ಪದ ಆರನೆಯದನ್ನು ಸೇರಿಸಿದರೆ ಬಿಗುವು ಸುಮಾರು ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಆದರೆ 8 ಮಿ.ಮೀ. ಪಾಟಾದ ಬದಲು 9 ಮಿ.ಮೀ. ಪಾಟಾ ಹಾಕಿದರೆ ಆ ಒಂದು ಪಾಟಾದ ಬಿಗುವು ನೂರಕ್ಕೆ 42ರಷ್ಟು ಏರುತ್ತದೆ. ಕೇಳಲು ಇದು ಲಾಭದಂತಿದೆ. ಆದರೆ ಒಂದೇ ಕಟ್ಟಿನಲ್ಲಿ ಎಲ್ಲ ಪಾಟಾಗಳೂ ಒಂದೇ ಪ್ರಮಾಣದಲ್ಲಿ ಬಾಗಬೇಕಾಗುವುದರಿಂದ, ದಪ್ಪ ಪಾಟಾದ ಮೈಮೇಲೆ ಬೀಳುವ ಒತ್ತಡ ತೆಳುವಿನದಕ್ಕಿಂತ ಹೆಚ್ಚಾಗಿರುತ್ತದೆ. ಲಾರಿಯಿಂದ ಕಳಚಿದ ಹಳೆಯ ದಪ್ಪ ಪಾಟಾವನ್ನು ಕತ್ತರಿಸಿ ಪಿಕಪ್ಪಿನ ಕಟ್ಟಿನೊಳಗೆ ತುರುಕಿದಾಗ ಅದೇ ಮೊದಲು ಮುರಿಯುವುದು ಈ ಕಾರಣಕ್ಕೆ. ಅಲ್ಲದೆ ಮುಖ್ಯ ಕಟ್ಟಿನ ಬಿಗುವು ಏರಿದರೆ ಗಾಡಿ ಖಾಲಿ ಬರುವಾಗಲೂ ಅದೇ ಬಿಗುವು ಇರುತ್ತದೆ. ಇಳಕಲ್ಲಿಗೆ ಈ ಗಾಡಿ ಪ್ರತಿ ಸಲ ಖಾಲಿಯಾಗಿಯೇ ಮರಳುತ್ತದೆ. ಖಾಲಿ ಗಾಡಿಯ ಹಿಂಭಾಗ ಕುಣಿಯುತ್ತ ಹೋದರೆ ಬ್ರೇಕ್ ಹಾಕಿದಾಗ ಹಿಂದಿನ ಗಾಲಿ ನೆಲ ಬಿಟ್ಟು ಜಾರುತ್ತದೆ.

ಆಕ್ಸಲ್ಲಿನ ಮೇಲೆ ಕೂಡಿಸುವ, ಗಾಳಿ ತುಂಬುವ ರಬ್ಬರ್ ಚೀಲವನ್ನೂ (ಗಾಳಿಚೀಲ) ಪರಿಗಣಿಸಿದೆವು. ಹೊರೆಗೆ ತಕ್ಕಂತೆ ಗಾಳಿ ಏರಿಸಿ ಇಳಿಸಬಹುದಾದ ಅದರ ಗುಣ ನಿಜವಾಗಿಯೂ ಒಳ್ಳೆಯದು. ಆದರೆ ಪಾಟಾ ತನ್ನ ಭಾರವನ್ನು ಚಾಸಿಯ ಎರಡು ದೂರದ ಜಾಗಗಳಿಗೆ ಹಂಚಿದರೆ, ಚೀಲ ಅದನ್ನು ಆಕ್ಸಲ್ಲಿನ ನೇರ ಮೇಲಿರುವ ಒಂದೇ ಜಾಗಕ್ಕೆ ಒತ್ತುತ್ತದೆ. ಕಲ್ಲಿನ ಚೂರು, ದೂಳು, ಬೇಸಿಗೆಯ ಬಿಸಿಲಿನ ನಡುವೆ ರಬ್ಬರು ಹರಿದರೆ ದಾರಿಯಲ್ಲಿ ರಿಪೇರಿ ಸಿಗುವುದಿಲ್ಲ. ಈ ಕೆಲಸಕ್ಕೆ ಅದನ್ನು ಬಿಟ್ಟೆವು.

ಕೊನೆಗೆ ಮಾಡಿದ್ದು ಹೀಗೆ. ಎರಡೂ ಬದಿಯ ಮುಖ್ಯ ಕಟ್ಟುಗಳನ್ನು ಕಂಪನಿ ಹೇಳಿದ ಅಳತೆಯ ಹೊಸ ಐದು ಪಾಟಾಗಳಿಂದಲೇ ಕಟ್ಟಿಸಿ, ಮುಖ್ಯ ಕಟ್ಟಿನ ಬಿಗುವನ್ನು ಮುಟ್ಟದೆ ಬಿಟ್ಟೆವು. ಬಲಪಡಿಸಿದ್ದು ಹೆಲ್ಪರನ್ನು ಮಾತ್ರ: ಅದೇ ಅಗಲ, ಅದೇ 8 ಮಿ.ಮೀ. ದಪ್ಪದ, ಸ್ವಲ್ಪ ಗಿಡ್ಡ ಮೂರನೆಯ ಪಾಟಾವನ್ನು ಅದರ ಕೆಳಗೆ ಸೇರಿಸಲಾಯಿತು. ಇದರಿಂದ ಹೆಲ್ಪರ್ ಅಷ್ಟು ಮೇಲೆ ಕುಳಿತು ಚಾಸಿಗೆ ಸ್ವಲ್ಪ ಬೇಗ ತಾಗುತ್ತದೆ, ತಾಗಿದ ಮೇಲೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ; ಖಾಲಿ ಓಟದಲ್ಲಿ ಮಾತ್ರ ಅದು ಇದ್ದೂ ಇಲ್ಲದಂತೆಯೇ. ಕಟ್ಟು ಎತ್ತರವಾದುದರಿಂದ ಉದ್ದದ ಹೊಸ ಯು ಬೋಲ್ಟ್, ಹೊಸ ಸೆಂಟರ್ ಬೋಲ್ಟ್ ಬೇಕಾದವು. ಹಳೆಯ ಯು ಬೋಲ್ಟನ್ನು ಮತ್ತೆ ಬಳಸಬಾರದು. ಒಮ್ಮೆ ಎಳೆತಕ್ಕೆ ಸಿಕ್ಕ ಬೋಲ್ಟು ಮೊದಲಿನ ಬಿಗಿತವನ್ನು ಹಿಡಿಯುವುದಿಲ್ಲ. ಬುಶ್‌ಗಳು, ಎರಡೂ ಶಾಕ್ ಅಬ್ಸಾರ್ಬರ್‌ಗಳು, ರಬ್ಬರ್ ಸ್ಟಾಪರ್‌ಗಳು ಹೊಸವು. ಶ್ಯಾಕಲ್ ಪಿನ್ನುಗಳನ್ನು ಗಾಡಿ ಗಾಲಿಯ ಮೇಲೆ ನಿಂತ ನಂತರವೇ ಪೂರ್ತಿ ಬಿಗಿ ಮಾಡಲಾಯಿತು; ಜ್ಯಾಕಿನ ಮೇಲೆ ಗಾಲಿ ಜೋತುಬಿದ್ದಿರುವಾಗಲೇ ಬಿಗಿದರೆ ರಬ್ಬರ್ ಬುಶ್ ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡು ಬೇಗ ಹರಿಯುತ್ತದೆ.

ಬ್ರೇಕಿನ ವಾಲ್ವ್

ಪಾಟಾ ಕೆಲಸದಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಈ ಗಾಡಿಯ ಚಾಸಿಯ ಮೇಲೆ, ಹಿಂದಿನ ಬ್ರೇಕ್ ಪೈಪಿನ ಹಾದಿಯಲ್ಲಿ, ಹೊರೆಯನ್ನು ಗ್ರಹಿಸುವ ಒಂದು ವಾಲ್ವ್ ಇದೆ. ಅದರಿಂದ ಒಂದು ಸರಳು ಹೌಸಿಂಗಿಗೆ ಜೋಡಣೆಯಾಗಿರುತ್ತದೆ. ಹೊರೆ ಏರಿ ಚಾಸಿ ತಗ್ಗಿದಾಗ ಸರಳು ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾಗಿ ಚಾಸಿ ಮೇಲೆದ್ದಾಗ ಒತ್ತಡ ತಗ್ಗಿಸಿ ಹಿಂದಿನ ಗಾಲಿ ಲಾಕ್ ಆಗದಂತೆ ತಡೆಯುತ್ತದೆ. ಅಂದರೆ ಆ ವಾಲ್ವಿಗೆ ತೂಕ ತಿಳಿಯದು, ಎತ್ತರ ಮಾತ್ರ ತಿಳಿಯುತ್ತದೆ. ಪಾಟಾ ಹೆಚ್ಚಿಸಿ ಹೊರೆಯಲ್ಲೂ ಹಿಂಭಾಗ ಎತ್ತರವಾಗಿಯೇ ನಿಲ್ಲುವಂತೆ ಮಾಡಿದರೆ, ಒಂದೂವರೆ ಟನ್ ಕಲ್ಲು ಹೊತ್ತ ಗಾಡಿಯನ್ನೂ ವಾಲ್ವ್ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕನ್ನು ಅರೆಬರೆ ಕೊಡುತ್ತದೆ. ಮುಂದಿನ ಬ್ರೇಕುಗಳು ಕಾದು, ನಿಲ್ಲುವ ದೂರ ಹೆಚ್ಚುತ್ತದೆ. ಮುಖ್ಯ ಕಟ್ಟಿನ ಬಿಗುವನ್ನು ಮುಟ್ಟದೆ ಬಿಟ್ಟದ್ದಕ್ಕೆ ಇದೂ ಒಂದು ಬಲವಾದ ಕಾರಣ. ಆದರೂ ಹಳೆಯ ಕುಗ್ಗಿದ ಪಾಟಾದ ಎತ್ತರ ಹೋಗಿ ಹೊಸ ಎತ್ತರ ಬಂದಿದ್ದರಿಂದ, ಕಂಪನಿಯ ಕೈಪಿಡಿಯಲ್ಲಿರುವ ಅಳತೆಯಂತೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸರಳಿನ ಉದ್ದವನ್ನು ಹೊಂದಿಸಲಾಯಿತು. ಹಿಂದೆ ಯಾರೋ ಆ ಸರಳನ್ನು ತಂತಿಯಿಂದ ಚಾಸಿಗೆ ಬಿಗಿದು ಕಟ್ಟಿದ್ದರು; ಅದನ್ನು ಬಿಡಿಸಿದರು. ಹೆಡ್‌ಲೈಟಿನ ಕೋನವನ್ನೂ ಆಗಲೇ ಸರಿಪಡಿಸಿದರು.

ಫಲಿತಾಂಶ

ಹೊಸ ಕಟ್ಟಿನೊಂದಿಗೆ ಖಾಲಿ ಗಾಡಿಯಲ್ಲಿ ಸ್ಟಾಪರಿಗೂ ಚಾಸಿಗೂ ನಡುವಿನ ಅಂತರ ಎರಡೂ ಕಡೆ 110 ಮಿ.ಮೀ. ಬಂತು. ಸ್ಟ್ಯಾಂಡು ಮುಂದಕ್ಕೆ ಸರಿಸಿ 270 ಚದರಡಿ ಹೇರಿ ತೂಗಿದಾಗ ಒಟ್ಟು 3,490 ಕೆ.ಜಿ., ಹಿಂದಿನ ಆಕ್ಸಲ್ 2,260, ಮುಂದಿನದು 1,230. ಆ ಹೊರೆಯಲ್ಲಿ ಸ್ಟಾಪರಿನ ಮೇಲೆ ಉಳಿದ ಅಂತರ 35 ಮಿ.ಮೀ. ಅದೇ ರೋಡ್ ಹಂಪುಗಳ ಮೇಲೆ ಏಟು ಬೀಳಲಿಲ್ಲ.

ಈ ಫಲದಲ್ಲಿ ಯಾವುದರ ಪಾಲು ಎಷ್ಟು ಎಂದು ಲೆಕ್ಕ ಹಾಕಿ ನೋಡುವುದು ಅಗತ್ಯ. ಹೆಲ್ಪರಿನ ಮೂರನೆಯ ಪಾಟಾ ಇಲ್ಲದಿದ್ದರೂ ಈ ಹೊರೆಯಲ್ಲಿ ಸುಮಾರು 25 ಮಿ.ಮೀ. ಅಂತರ ಉಳಿಯುತ್ತಿತ್ತು, ಅಂದರೆ ಅದರಿಂದ ದೊರೆತದ್ದು ಹತ್ತು ಮಿ.ಮೀ. ಮಾತ್ರ. ಕಲ್ಲಿನಂಥ ಮುರಿಯುವ ಸರಕಿಗೆ ಆ ಹತ್ತು ಮಿ.ಮೀ. ಬೆಲೆಯುಳ್ಳದ್ದೇ. ಆದರೆ ಹಳೆಯ 350 ಚದರಡಿಯ ಖೇಪನ್ನು ಹಳೆಯ ಜಾಗದಲ್ಲೇ ಹೇರಿದ್ದರೆ, ಕಂಪನಿಯ ಹೊಸ ಪಾಟಾ ಇದ್ದರೂ 110 ಮಿ.ಮೀ. ಅಂತರ ಪೂರ್ತಿ ಮುಗಿದು ಸ್ಟಾಪರ್ ತಾಗುತ್ತಿತ್ತು. ಹಿಂದಿನ ಆಕ್ಸಲ್ ಮೇಲಿನಿಂದ ಇಳಿದ 625 ಕಿಲೋದಲ್ಲಿ ಸ್ಟ್ಯಾಂಡನ್ನು ಸರಿಸಿದ್ದರ ಪಾಲು ಸುಮಾರು 200 ಕಿಲೋ. ಉಳಿದದ್ದು ಕಲ್ಲು ಕಡಿಮೆ ಹೇರಿದ್ದರದು.

ಯು ಬೋಲ್ಟುಗಳನ್ನು ಹೊರೆಯೊಂದಿಗೆ ಮೊದಲ ಐವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಐನೂರು ಕಿಲೋಮೀಟರಿಗೆ ಮತ್ತೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ಮಾಡಿಸಲಾಯಿತು. ಮೊದಲ ಸಲ ಎಡಗಡೆಯ ಎರಡು ನಟ್ಟುಗಳು ಸುಮಾರು ಕಾಲು ಸುತ್ತು ತಿರುಗಿದವು, ಎರಡನೆಯ ಸಲ ಯಾವುದೂ ಅಲುಗಲಿಲ್ಲ. ಹೊಸ ಪಾಟಾಗಳ ನಡುವಿನ ಬಣ್ಣ ಸವೆದು ಅವು ಒಂದಕ್ಕೊಂದು ಕೂರುವಾಗ ಹೀಗೆ ಸಡಿಲವಾಗುವುದು ಸಹಜ. ಈ ಮರುಬಿಗಿತವನ್ನು ಬಿಟ್ಟವರ ಪಾಟಾ ಮತ್ತೆ ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿಯುತ್ತದೆ.

ನಾಲ್ಕು ತಿಂಗಳ ನಂತರ ಖಾಲಿ ಅಂತರವನ್ನು ಮತ್ತೆ ಅಳೆದಾಗ ಬಲಗಡೆ 107, ಎಡಗಡೆ 103 ಇತ್ತು. ಹೊಸ ಪಾಟಾ ಮೊದಲ ತಿಂಗಳುಗಳಲ್ಲಿ ಕೆಲವು ಮಿ.ಮೀ. ಕೂರುವುದು ನಿರೀಕ್ಷಿತವೇ. ಆದರೆ ಎರಡು ಬದಿಗಳ ನಡುವಿನ 4 ಮಿ.ಮೀ. ವ್ಯತ್ಯಾಸ ಹಾಗಲ್ಲ. ವಿಚಾರಿಸಿದಾಗ, ಎರಡು ಮನೆಯ ಕಲ್ಲು ಒಟ್ಟಿಗೆ ಬಂದ ದಿನಗಳಲ್ಲಿ ಬಲಗಡೆಯನ್ನು ಪೂರ್ತಿ ಖಾಲಿ ಮಾಡಿ ಓಡಿಸುವ ರೂಢಿ ಮುಂದುವರಿದಿದ್ದು ತಿಳಿಯಿತು. ಈಗ ಒಂದೊಂದು ಮನೆಯ ಕಲ್ಲನ್ನು ಹೇರುವಾಗಲೇ ಸ್ಟ್ಯಾಂಡಿನ ಎರಡೂ ಮಗ್ಗುಲಿಗೆ ಅರ್ಧರ್ಧ ಹಂಚಿ, ಇಳಿಸುವಾಗಲೂ ಎರಡೂ ಮಗ್ಗುಲಿನಿಂದ ತೆಗೆಯುವಂತೆ ಹಮಾಲರಿಗೆ ಹೇಳಲಾಗಿದೆ. ಎಡಗಡೆಯ ಅಂತರ 100 ಮಿ.ಮೀ.ಗಿಂತ ಕೆಳಗಿಳಿದರೆ ಕಟ್ಟನ್ನು ಬಿಚ್ಚಿ ನೋಡಬೇಕೆಂದು ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬರೆದಿಡಲಾಗಿದೆ.